ಹಳೆಯ ಇಟಾಲಿಯನ್ ಸ್ಟೀಲ್ ಸೈಕಲ್ಲಿಗೆ ಆ ಕಾಲದ ಸಾಮಾನು: ಮೊದಲು ಅಳತೆ, ಆಮೇಲೆ ಇಸವಿ, ಕೊನೆಗೆ ಹೆಸರು

ಇಟಲಿಯ ಕಂಪಾನ್ಯೋಲೊ ಕಂಪನಿಯ ಚಂದದ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಒಂದು ಸಿಕ್ಕಿತೆಂದು ಅದನ್ನು ಕೊಂಡು, ಆಮೇಲೆ ಫ್ರೇಮಿಗೆ ಹೊಂದಿಸಲು ಹೊರಡುವವರೇ ಹೆಚ್ಚು. ಈ ಕ್ರಮವೇ ಉಲ್ಟಾ. ಇಟಲಿಯ ಹಳೆಯ ಫ್ರೇಮುಗಳ ಥ್ರೆಡ್ಡು, ವ್ಯಾಸ, ಅಗಲ ಇವೆಲ್ಲ ಬೇರೆ ದೇಶದವಕ್ಕಿಂತ ಒಂದೊಂದು ಕೂದಲೆಳೆಯಷ್ಟು ಬೇರೆ. ತಪ್ಪು ಸಾಮಾನು ಹಲವು ಸಲ ಕೂತಂತೆಯೇ ಕಾಣುತ್ತದೆ, ನೂರು ಕಿಲೋಮೀಟರ್ ಓಡಿದ ಮೇಲೆ ಸಡಿಲವಾಗುತ್ತದೆ ಅಥವಾ ಸೀಳುತ್ತದೆ. ಆದ್ದರಿಂದ ಮೊದಲು ಫ್ರೇಮಿನ ಅಳತೆ ತೆಗೆಯಬೇಕು. ಎರಡನೆಯದಾಗಿ ಅದರ ಕಾಲ ಗುರುತಿಸಬೇಕು. ಯಾವ ಕಂಪನಿಯ, ಯಾವ ದರ್ಜೆಯ ಸಾಮಾನು ಎಂಬ ಪ್ರಶ್ನೆ ಮೂರನೆಯದು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 1960ರ ದಶಕದ ಕೊನೆಯಿಂದ 1980ರ ದಶಕದ ನಡುವಿನವರೆಗಿನ ರೇಸಿಂಗ್ ಫ್ರೇಮುಗಳ ಬಗ್ಗೆ: ಕೊಲ್ನಾಗೊ, ಡೆ ರೋಸಾ, ಮಾಸಿ, ಚಿನೆಲ್ಲಿ, ಬಿಯಾಂಕಿ, ಪಿನರೆಲ್ಲೊ ಮತ್ತು ಊರೂರಿನ ಸಣ್ಣ ವರ್ಕ್‌ಶಾಪುಗಳು ಕೊಲಂಬಸ್ ಕಂಪನಿಯ ಸ್ಟೀಲ್ ಟ್ಯೂಬಿನಲ್ಲಿ ಕಟ್ಟಿದಂಥವು. ಕೈಗೆ ಸಿಗುವವುಗಳಲ್ಲಿ ಹೆಚ್ಚಿನವು ಇವೇ.

ಬಿ.ಬಿ. ಶೆಲ್

ಅಳತೆ ಇಲ್ಲಿಂದ ಶುರುವಾಗಲಿ. ಪೆಡಲ್ ಆಕ್ಸಲ್ ಕೂರುವ ಈ ಕೊಳವೆ (ಬಿ.ಬಿ. ಅಂದರೆ ಬಾಟಮ್ ಬ್ರ್ಯಾಕೆಟ್) ಇಟಾಲಿಯನ್ ಫ್ರೇಮಿನಲ್ಲಿ 70 ಮಿ.ಮೀ. ಅಗಲ ಇರುತ್ತದೆ, ಇಂಗ್ಲಿಷ್ ಮಾದರಿಯಲ್ಲಿ 68. ಇಟಾಲಿಯನ್ ಥ್ರೆಡ್ಡು 36 ಮಿ.ಮೀ. ವ್ಯಾಸ, ಇಂಚಿಗೆ 24 ಸುತ್ತು. ಇಂಗ್ಲಿಷಿನದು 1.37 ಇಂಚು, ಅದೇ 24 ಸುತ್ತು. ಶೆಲ್ಲಿಗೆ ತಿರುಗಿಸಿ ಕೂರಿಸುವ ಹಳೆಯ ಬೇರಿಂಗ್ ಬಟ್ಟಲು, ಅಂದರೆ ಕಪ್ಪು (ಬಣ್ಣವಲ್ಲ, ಇಂಗ್ಲಿಷಿನ ಕಪ್), ಫ್ರೇಮಿನಲ್ಲೇ ಇದ್ದರೆ ಅದರ ಮುಖವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಟಾರ್ಚು ಅಡ್ಡಡ್ಡ ಹಿಡಿದು ನೋಡಿ. ಕಂಪಾನ್ಯೋಲೊ ಕಪ್ಪಾದರೆ '36×24 ಎಫ್' ಎಂದು ಇಟಾಲಿಯನ್ನಿನದರ ಮೇಲೂ, '1.370×24' ಎಂದು ಇಂಗ್ಲಿಷಿನದರ ಮೇಲೂ ಕೊರೆದಿರುತ್ತಾರೆ.

ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಎಡವುವುದು ಈ ಜಾಗದಲ್ಲೇ. ನಮ್ಮ ಬೀದಿಯ ದೊಡ್ಡ ಸೈಕಲ್ಲುಗಳಲ್ಲಿ ಚೈನ್ ಬದಿಯ ಕಪ್ಪು ಎಡ ಥ್ರೆಡ್ಡಿನದು. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು, ಕೈಗೆ ಅದೇ ರೂಢಿ. ಇಟಾಲಿಯನ್ನಿನಲ್ಲಿ ಎರಡೂ ಬದಿ ಬಲ ಥ್ರೆಡ್ಡು. ಎರಡನ್ನೂ ಮುಳ್ಳಿನ ವಿರುದ್ಧ ದಿಕ್ಕಿಗೇ ಬಿಚ್ಚಬೇಕು. ಗೊತ್ತಿಲ್ಲದೆ ಉದ್ದ ಪೈಪು ಸಿಕ್ಕಿಸಿ 'ಬಿಚ್ಚಿದರೆ' ಕಪ್ಪು ಇನ್ನಷ್ಟು ಬಿಗಿಯಾಗಿ ಪಾನಾ ಹಿಡಿಯುವ ಅಂಚು ಸವೆದುಹೋಗುತ್ತದೆ. ಸೈಕಲ್ ಅಂಗಡಿಗೆ ಕೊಡುವಾಗ ಶೆಲ್ಲಿನ ಮೇಲೆ ಟೇಪ್ ಅಂಟಿಸಿ ಎರಡೂ ಬದಿ ಬಾಣ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಇನ್ನೊಂದು: ಥ್ರೆಡ್ ಕ್ಲೀನ್ ಮಾಡುತ್ತೇನೆಂದು ಇಂಗ್ಲಿಷ್ ಟ್ಯಾಪ್ ಹಾಕಲು ಯಾರಿಗೂ ಬಿಡಬೇಡಿ.

ಎರಡೂ ಬಲ ಥ್ರೆಡ್ಡು ಆಗಿರುವುದಕ್ಕೆ ಒಂದು ಕಾಯಂ ತೊಂದರೆಯಿದೆ. ಪೆಡಲ್ ತುಳಿಯುವಾಗ ಚೈನ್ ಬದಿಯ ಕಪ್ಪು ಬಿಚ್ಚುವ ದಿಕ್ಕಿಗೆ ತೆವಳುತ್ತದೆ. ಶೆಲ್ಲಿನ ಮುಖ ಸಮವಿರಬೇಕು, ಥ್ರೆಡ್ಡಿನಲ್ಲಿ ಎಣ್ಣೆಯಂಶ ಇರಬಾರದು, ಕಪ್ಪಿಗೆ ನೀಲಿ ಥ್ರೆಡ್‌ಲಾಕರ್ ಹಚ್ಚಿ 36 ಮಿ.ಮೀ. ಪಾನಾದಲ್ಲಿ ನಿಜಕ್ಕೂ ಬಲವಾಗಿ ಬಿಗಿಯಬೇಕು. ಎಡದ ಕಪ್ಪಿಗೆ ಲಾಕ್‌ರಿಂಗ್ ಇರುವುದರಿಂದ ಅಲ್ಲಿ ಗ್ರೀಸ್ ಸಾಕು.

ಆಕ್ಸಲ್ ಕೊಳ್ಳುವಾಗ ಅದರ ನಡುವಿನ ಬರಹ ಓದಿ. ಕಂಪಾನ್ಯೋಲೊದ 70 ಎಂದು ಶುರುವಾಗುವ ಗುರುತು ಇಟಾಲಿಯನ್ ಶೆಲ್ಲಿಗೆ, 68 ಇಂಗ್ಲಿಷಿಗೆ. ಕೊನೆಗೆ 120 ಎಂದಿದ್ದರೆ ಅದು ಹಿಂದಿನ ಚಕ್ರದ ಅಗಲ. ಜಪಾನಿ ಟೇಪರಿನ (ತುದಿಯ ಚೌಕ ಕಿರಿದಾಗುವ ಅಳತೆಯ) ಆಕ್ಸಲ್ ಸುಲಭವಾಗಿ ಸಿಗುತ್ತದೆ, ಆದರೆ ಅದರ ತುದಿ ಸ್ವಲ್ಪ ದಪ್ಪ. ಇಟಾಲಿಯನ್ ಕ್ರ್ಯಾಂಕ್ (ಪೆಡಲ್ ತೋಳು) ಅದರ ಮೇಲೆ ಕೆಲವು ಮಿ.ಮೀ. ಹೊರಗೇ ನಿಂತು ಚೈನ್‌ಲೈನ್ ಕೆಡುತ್ತದೆ. ಕ್ರ್ಯಾಂಕಿನ ಚೌಕ ರಂಧ್ರವೂ ಕಡಿಮೆ ಆಳಕ್ಕೆ ಹಿಡಿದು ಬೇಗ ಅಗಲವಾಗುತ್ತದೆ. ಕಂಪಾನ್ಯೋಲೊದ ಮೇಲ್ದರ್ಜೆಯ ಸೂಪರ್ ರೆಕಾರ್ಡ್ ಸರಣಿಯ ಟೈಟಾನಿಯಂ ಆಕ್ಸಲ್ ಶೋಕೇಸಿಗೆ ಸರಿ. ದಿನಾ ಓಡಿಸುವ ಸೈಕಲ್ಲಿಗೆ ಸ್ಟೀಲಿನದೇ ಇರಲಿ.

ಶೆಲ್ಲಿನ ಥ್ರೆಡ್ಡೇ ಹೋಗಿದ್ದರೆ? ಇಂಗ್ಲಿಷ್ ಶೆಲ್ಲನ್ನು ಇಟಾಲಿಯನ್ನಿಗೆ ಹಿಗ್ಗಿಸಿ ಕೊರೆದು ಉಳಿಸಬಹುದು, ಇಟಾಲಿಯನ್ನಿನಿಂದ ಮುಂದೆ ಹೋಗಲು ಹಾಗೆ ದಾರಿಯಿಲ್ಲ. ಒಳಗೆ ಹಿಗ್ಗಿ ಕೂರುವ, ಥ್ರೆಡ್ಡೇ ಬೇಡದ ಕಾರ್ಟ್ರಿಜ್ ಬಿ.ಬಿ.ಗಳು ಸಿಗುತ್ತವೆ. ಹೊರಗಿನಿಂದ ಕಾಣುವುದೂ ಕಡಿಮೆ. ಅಂದಹಾಗೆ, ಹೀಗೆ ಕೊರೆದು ಉಳಿಸಿಕೊಂಡ ಇಂಗ್ಲಿಷ್ ಫ್ರೇಮುಗಳೂ ಓಡಾಡುತ್ತಿರುತ್ತವೆ. 36 ಮಿ.ಮೀ. ಥ್ರೆಡ್ ಕಂಡ ಮಾತ್ರಕ್ಕೆ ಫ್ರೇಮು ಇಟಲಿಯದೇ ಎಂದು ತೀರ್ಮಾನಿಸಬೇಡಿ, ಅಗಲವನ್ನೂ ಅಳೆಯಿರಿ.

ಸೀಟ್‌ಪೋಸ್ಟ್

ಕೊಲಂಬಸ್ ಸೀಟ್ ಟ್ಯೂಬಿನ ಹೊರವ್ಯಾಸ 28.6 ಮಿ.ಮೀ. ಎಸ್‌ಎಲ್ ಟ್ಯೂಬಿನ ಗೋಡೆ ಮೇಲ್ತುದಿಯಲ್ಲಿ 0.6 ಮಿ.ಮೀ. ಎರಡು ಗೋಡೆ ಕಳೆದರೆ ಒಳಗೆ 27.4 ಉಳಿಯುತ್ತದೆ, ಪೋಸ್ಟು 27.2. ಎಸ್‌ಪಿ ಟ್ಯೂಬು ದಪ್ಪ, ಮೇಲ್ತುದಿಯಲ್ಲಿ 0.7, ಅಲ್ಲಿಗೆ ಪೋಸ್ಟು 27.0. ಎತ್ತರದವರಿಗೆ ಕಟ್ಟಿದ ದೊಡ್ಡ ಫ್ರೇಮುಗಳು ಹೆಚ್ಚಾಗಿ ಎಸ್‌ಪಿ. ಅಗ್ಗದ ಟ್ಯೂಬುಗಳಲ್ಲಿ 26.8, 26.6 ಕೂಡ ಕಾಣಸಿಗುತ್ತವೆ. ಸ್ಟಿಕ್ಕರ್ ಕಿತ್ತು ಬೇರೆ ಅಂಟಿಸುವುದು ಸುಲಭ, ಒಳವ್ಯಾಸ ಸುಳ್ಳು ಹೇಳುವುದಿಲ್ಲ.

ಫ್ರೇಮ್ ಕೊಳ್ಳುವ ಮುಂಚೆ ಸೀಟ್ ಲಗ್ಗಿನ (ಸೀಟಿನ ಕೆಳಗೆ ಟ್ಯೂಬುಗಳನ್ನು ಕೂಡಿಸುವ ಕೀಲಿನ) ಹಿಂಭಾಗದ ಎರಡು ಕಿವಿಗಳನ್ನು ಹತ್ತಿರದಿಂದ ನೋಡಿ. ಬೋಲ್ಟು ಹಾದುಹೋಗುವ ಕಿವಿಗಳು ಒಂದಕ್ಕೊಂದು ಸಮಾನಾಂತರವಾಗಿ, ಸೀಳು ಮೇಲಿಂದ ಕೆಳಗೆ ಒಂದೇ ಅಗಲ ಇದ್ದರೆ ಸರಿ. ಸೀಳು ಮೇಲೆ ಕಿರಿದಾಗಿ, ಕಿವಿಗಳು ಒಳಕ್ಕೆ ಬಾಗಿ ತಾಗುವ ಹಾಗಿದ್ದರೆ ಹಿಂದಿನವರು ಯಾರೋ 27.2ರ ಜಾಗಕ್ಕೆ 26.8 ಹಾಕಿ ಬೋಲ್ಟಿನಿಂದ ಹಿಂಡಿದ್ದಾರೆ ಎಂದರ್ಥ. ನಿಧಾನವಾಗಿ ಬಿಡಿಸಿ, ಸರಿ ಗಾತ್ರದ ರೀಮರ್ ಹಾಕಿದರೆ ಸರಿಹೋಗುತ್ತದೆ. ಆದರೆ ಕಿವಿಯ ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಬ್ರೇಜಿಂಗ್ ಕೆಲಸ, ಬಣ್ಣವೂ ಹೋಗುತ್ತದೆ.

1970ರ ದಶಕದ ಫ್ರೇಮಿಗೆ ಕಂಪಾನ್ಯೋಲೊ ರೆಕಾರ್ಡಿನ ಎರಡು ಬೋಲ್ಟಿನ ಪೋಸ್ಟು ಒಪ್ಪುತ್ತದೆ. ಉದ್ದ ಗೀರುಗಳನ್ನು ಕೊರೆದ ಪೋಸ್ಟುಗಳು ಆ ದಶಕದ ಕೊನೆಗೆ, 80ರ ದಶಕಕ್ಕೆ ಚೆಂದ. ಯಾವುದೇ ಆದರೂ ಗ್ರೀಸ್ ಹಚ್ಚದೆ ಇಳಿಸಬೇಡಿ. ನಮ್ಮ ಮಳೆಗಾಲದಲ್ಲಿ ಸ್ಟೀಲಿನೊಳಗಿನ ಅಲ್ಯುಮಿನಿಯಂ ಎರಡು ವರ್ಷಕ್ಕೇ ಕಚ್ಚಿಕೊಳ್ಳುತ್ತದೆ.

ಹಿಂಬದಿಯ ಅಗಲ, ಹೆಡ್‌ಸೆಟ್

ಹಿಂದಿನ ಎರಡು ಡ್ರಾಪ್‌ಔಟುಗಳ (ಚಕ್ರದ ಆಕ್ಸಲ್ ಕೂರುವ ಸೀಳುಗಳ) ಒಳ ಅಂತರ ಅಳೆಯಿರಿ. 120 ಮಿ.ಮೀ. ಬಂದರೆ ಐದು ಹಲ್ಲುಚಕ್ರದ ಕಾಲದ್ದು, 126 ಬಂದರೆ ಆರು ಮತ್ತು ಏಳರದ್ದು. 130 ಬಂದರೆ ಒಂದೋ ಫ್ರೇಮು ಎಂಟು ಸ್ಪೀಡಿನ ಕಾಲದ್ದು, ಇಲ್ಲವೇ ಯಾರೋ ಹಿಗ್ಗಿಸಿದ್ದಾರೆ. ಸ್ಟೀಲನ್ನು 120ರಿಂದ 126ಕ್ಕೆ ತಣ್ಣಗೆ ಹಿಗ್ಗಿಸಬಹುದು. ಬದಿಗೆ 3 ಮಿ.ಮೀ. ಅಷ್ಟೇ. ಆದರೆ ಎರಡೂ ಬದಿ ಸಮ ಹೋಗಿದೆಯೇ ಎಂದು ಹೆಡ್ ಟ್ಯೂಬಿನಿಂದ ಡ್ರಾಪ್‌ಔಟಿಗೆ ದಾರ ಎಳೆದು ನೋಡಬೇಕು. ಆಮೇಲೆ ಡ್ರಾಪ್‌ಔಟ್ ಮುಖಗಳನ್ನು ಮತ್ತೆ ಸಮಾನಾಂತರ ಮಾಡಬೇಕು. ಇದನ್ನು ಬಿಟ್ಟರೆ ಆಕ್ಸಲ್ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. 120ರ ಫ್ರೇಮನ್ನು ಹಿಗ್ಗಿಸದೆಯೇ ಆರು ಬೇಕೆಂದರೆ ಸಂಟೂರಿನ ಅಲ್ಟ್ರಾ-6ರಂಥ ಕಿರಿದಂತರದ ಫ್ರೀವೀಲ್ ಅದೇ ಕಾಲದ ಉತ್ತರ. ಜಪಾನಿನದು ಎಂದು ಮೂಗು ಮುರಿಯುವವರು ಮುರಿಯಲಿ.

ಹೆಡ್‌ಸೆಟ್ಟಿನಲ್ಲಿ ಅಷ್ಟು ಗೊಂದಲವಿಲ್ಲ. ಫೋರ್ಕ್ ತಿರುಗಲು ಹೆಡ್ ಟ್ಯೂಬಿನಲ್ಲಿರುವ ಬೇರಿಂಗುಗಳ ಜೋಡಿ ಅದು. ಸ್ಟೀರರ್, ಅಂದರೆ ಫೋರ್ಕಿನ ಮೇಲ್ಕೊಳವೆ, 1 ಇಂಚು, 24 ಸುತ್ತು. ಫೋರ್ಕಿನ ಕ್ರೌನ್ ರೇಸ್ ಇಟಾಲಿಯನ್ನಿನಲ್ಲಿ 26.5 ಮಿ.ಮೀ. 26.4ರ ಇಂದಿನ ಹೆಡ್‌ಸೆಟ್ ಬಡಿದು ಕೂರಿಸಿದರೆ ಕೂರುತ್ತದೆ. ಜಪಾನಿನ 27.0 ರೇಸು ಸಡಿಲ, ಅದು ಬೇಡ. ಕೊಳ್ಳುವ ಮುಂಚೆ ಸ್ಟೀರರ್ ಉದ್ದದಿಂದ ಹೆಡ್ ಟ್ಯೂಬ್ ಉದ್ದ ಕಳೆಯಿರಿ. ಉಳಿದದ್ದಕ್ಕಿಂತ ಹೆಡ್‌ಸೆಟ್ಟಿನ ಒಟ್ಟು ಎತ್ತರ ಹೆಚ್ಚಿದ್ದರೆ ಮೇಲಿನ ನಟ್ಟಿಗೆ ಥ್ರೆಡ್ಡೇ ಸಾಲುವುದಿಲ್ಲ. ಫೋರ್ಕ್ ಕಳಚಿದಾಗಲೇ ಸ್ಟೀರರ್ ಕೊಳವೆಯ ಕೆಳತುದಿಗೆ ಬೆರಳು ಹಾಕಿ ನೋಡಿ. ಕೊಲಂಬಸ್ ಎಸ್‌ಎಲ್, ಎಸ್‌ಪಿಗಳಲ್ಲಿ ಅಲ್ಲಿ ಸುರುಳಿ ಸುತ್ತಿದ ಐದು ಏಣುಗಳು ಸಿಗುತ್ತವೆ. ಹೊರಮೈಯಲ್ಲಿ ಪಾರಿವಾಳದ ಮುದ್ರೆ ಇರುತ್ತದೆ. ಸ್ಟಿಕ್ಕರಿಗಿಂತ ಇದು ಭದ್ರ ಸಾಕ್ಷಿ.

ಫ್ರೇಮಿನ ಇಸವಿ

ನಂಬರ್ ನೋಡಿ ಇಸವಿ ಹೇಳಬಹುದೆಂಬ ಆಸೆ ಬೇಡ. ಕೊಲ್ನಾಗೊದಂಥ ದೊಡ್ಡ ಹೆಸರಿನಲ್ಲೂ ಭರವಸೆಯ ನಂಬರ್ ಪಟ್ಟಿಯಿಲ್ಲ. ಫ್ರೇಮಿನ ಮೈಮೇಲಿನ ಬೆಸುಗೆಗಳೇ ಕಾಲ ಹೇಳುತ್ತವೆ. ಹಿಂದಿನ ಬ್ರೇಕ್ ಕೇಬಲ್ಲಿಗೆ ಟಾಪ್ ಟ್ಯೂಬಿನ ಮೇಲೆ ಬೆಸುಗೆ ಇಲ್ಲದೆ ಮೂರು ಕ್ಲಿಪ್ಪು ಕಟ್ಟಬೇಕಾಗಿದ್ದರೆ, ಗೇರ್ ಲಿವರಿಗೆ ಕ್ಲ್ಯಾಂಪೇ ಬೇಕಾಗಿದ್ದರೆ, ಬಾಟಲಿ ಕೇಜಿಗೆ ರಂಧ್ರವೇ ಇಲ್ಲದಿದ್ದರೆ 1970ರ ದಶಕದ ನಡುವಿಗಿಂತ ಈಚೆಗೆ ಬರುವ ಸಾಧ್ಯತೆ ಕಡಿಮೆ. ಒಂದು ಜೊತೆ ಬಾಟಲಿ ರಂಧ್ರ ಬಂದರೆ ದಶಕದ ಕೊನೆ. ಎರಡು ಜೊತೆ, ಬ್ರೇಕ್ ಕೇಬಲ್ಲಿಗೆ ಬೆಸೆದ ಗೈಡು, ಬಿ.ಬಿ. ಶೆಲ್ಲಿನ ಅಡಿಯಿಂದ ಹಾಯುವ ಗೇರ್ ಕೇಬಲ್ ಇವಿದ್ದರೆ 80ರ ದಶಕ. ಬಲ ಡ್ರಾಪ್‌ಔಟಿನ ಬಳಿ ಎರಡು ಸಣ್ಣ ಥ್ರೆಡ್ ರಂಧ್ರಗಳಿದ್ದರೆ ಅವು ಕಂಪಾನ್ಯೋಲೊದ ಪೋರ್ತಾಕತೇನಾಗೆ, ಅಂದರೆ ಚಕ್ರ ತೆಗೆದಾಗ ಚೈನ್ ನೇತುಹಾಕುವ ಕೊಂಡಿಗೆ. 70ರ ಕೊನೆ ಮತ್ತು 80ರ ಆರಂಭದ ಗುರುತು ಅದು. ಬ್ರೇಕ್ ಬೋಲ್ಟಿನ ರಂಧ್ರವನ್ನೂ ನೋಡಿ. ಹಿಂಬದಿಯಲ್ಲಿ ಅಗಲವಾಗಿ ಕೊರೆದು ಅಲೆನ್ ನಟ್ ಒಳಹೋಗುವಂತಿದ್ದರೆ ಈಚಿನದು, ನೇರ 6 ಮಿ.ಮೀ. ರಂಧ್ರವಾದರೆ ಹೊರಗೆ ನಟ್ ಬೀಳುವ ಹಳೆಯ ಬ್ರೇಕೇ ಬೇಕು. ಹಳೆಯ ಫ್ರೇಮನ್ನು ಕೊರೆದು ಹೊಸ ಬ್ರೇಕ್ ಹಾಕುವವರಿದ್ದಾರೆ. ದಯವಿಟ್ಟು ಬೇಡ.

ಇವುಗಳಲ್ಲಿ ಒಂದೇ ಗುರುತನ್ನು ನಂಬಬೇಡಿ. ಬಣ್ಣ ಬಳಿಸುವಾಗ ಬೆಸುಗೆ ಸೇರಿಸುವುದು, ತೆಗೆಸುವುದು ಅಲ್ಲಿ ಮಾಮೂಲು. ಮೂರು ಗುರುತು ಒಂದೇ ಕಾಲ ತೋರಿಸಿದರೆ ಒಪ್ಪಿಕೊಳ್ಳಿ.

ಸಾಮಾನಿನ ಇಸವಿ

ಕಂಪಾನ್ಯೋಲೊದ ಕಾಲರೇಖೆ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ತುಲ್ಲಿಯೊ ಕಂಪಾನ್ಯೋಲೊ 1933ರಲ್ಲಿ ವಿಚೆಂಝಾದಲ್ಲಿ ಶುರುಮಾಡಿದ ಕಂಪನಿ ಅದು. 1950ರ ದಶಕದ ಫ್ರೇಮಿಗೆ ಗ್ರಾನ್ ಸ್ಪೋರ್ಟ್ ಡಿರೇಲರ್. 1963ರಿಂದ ರೆಕಾರ್ಡ್ ಹೆಸರಿನ, ಕ್ರೋಮ್ ಮಾಡಿದ ಭಾರದ ಡಿರೇಲರ್. 1967ರಿಂದ ಅಲ್ಯುಮಿನಿಯಂ ನುವೊವೊ ರೆಕಾರ್ಡ್, ಅದು 80ರ ದಶಕದ ನಡುವಿನವರೆಗೂ ಬಂತು. 1973-74ರಲ್ಲಿ ಸೂಪರ್ ರೆಕಾರ್ಡ್ ಜೊತೆಗೆ ಸೇರಿತು. 80ರ ದಶಕದ ನಡುವೆ ಸಿ-ರೆಕಾರ್ಡ್. ಹೀಗಾಗಿ 1972ರ ಮಾಸಿಗೆ ಸೂಪರ್ ರೆಕಾರ್ಡ್ ಕೂರಿಸಿದರೆ ಬಲ್ಲವರಿಗೆ ಒಂದೇ ನೋಟಕ್ಕೆ ಕಾಣುತ್ತದೆ. 1982ರ ಡೆ ರೋಸಾಗೆ ನುವೊವೊ ರೆಕಾರ್ಡ್ ಕೂರಿಸಿದರೆ ಯಾರೂ ತಕರಾರು ಮಾಡುವಂತಿಲ್ಲ, ಆಗಲೂ ಅದು ಮಾರಾಟದಲ್ಲಿತ್ತು.

ನುವೊವೊ ರೆಕಾರ್ಡ್ ಹಿಂಬದಿ ಡಿರೇಲರಿನ ಮೇಲಿನ ಗಂಟಿನ ಮೇಲೆ 'ಪೇಟೆಂಟ್' ಎಂಬುದರ ಮುಂದೆ ಎರಡಂಕಿ ಇರುತ್ತದೆ: 74, 78 ಹೀಗೆ. ಅದನ್ನು ಪೇಟೆಂಟ್ ಪಡೆದ ವರ್ಷವೆಂದು ಓದುವವರಿದ್ದಾರೆ. ವಾಸ್ತವದಲ್ಲಿ ಅದು ಆ ತುಂಡು ತಯಾರಾದ ಕಾಲ. ಅಂಕಿಯೇ ಇಲ್ಲದಿದ್ದರೆ 60ರ ದಶಕದ ಕೊನೆಯದು. ಹಬ್ಬುಗಳ ಲಾಕ್‌ನಟ್ಟಿನ ಮೇಲೂ 'ಸಿ.ಎ.ಎಂ.' ಜೊತೆ ಎರಡಂಕಿ ಇಸವಿ ಸಿಗುತ್ತದೆ. ಲಾಕ್‌ನಟ್ ಬದಲಾಗಿರಬಹುದು, ಎರಡೂ ಬದಿ ಒಂದೇ ಇದ್ದರೆ ನಂಬಬಹುದು. ಕ್ರ್ಯಾಂಕಿನ ಹಿಂಬದಿಯಲ್ಲಿ ಸಣ್ಣ ಚೌಕಟ್ಟಿನೊಳಗೆ ಒಂದೇ ಅಂಕಿ ಇದ್ದರೆ ಅದು ಇಸವಿಯ ಕೊನೆಯ ಅಂಕಿ. ಚಿನೆಲ್ಲಿ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಕುತ್ತಿಗೆ) ಮೇಲೆ ಹಳೆಯ ಲಾಂಛನದ ಪದಕವಿದ್ದರೆ 70ರ ದಶಕದ ಕೊನೆಗಿಂತ ಹಿಂದಿನದು. ಕೊಲಂಬೊ ಮನೆತನ ಕಂಪನಿಯನ್ನು ಕೊಂಡ ಮೇಲೆ, 1979ರ ಹೊತ್ತಿಗೆ ರೆಕ್ಕೆಯ 'ಸಿ' ಬಂತು.

ಫ್ರೇಮಿಗೂ ಸಾಮಾನಿಗೂ ಎರಡು ವರ್ಷ ಹಿಂದೆಮುಂದೆ ಇದ್ದರೆ ಚಿಂತೆಯಿಲ್ಲ. ಫ್ರೇಮುಗಳು ಅಂಗಡಿಯ ಗೋಡೆಯಲ್ಲಿ ವರ್ಷಗಟ್ಟಲೆ ತೂಗುತ್ತಿದ್ದವು, ಅಂಗಡಿಯವರು ಡಬ್ಬಿಯಲ್ಲಿದ್ದುದನ್ನು ಜೋಡಿಸುತ್ತಿದ್ದರು.

ಎಲ್ಲವೂ ಕಂಪಾನ್ಯೋಲೊ ಆಗಬೇಕಿಲ್ಲ

ಹೊಸಬರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಇಟಲಿಯ ದೊಡ್ಡ ಕಟ್ಟುಗಾರರೂ ಬಹಳಷ್ಟು ಫ್ರೇಮನ್ನು ಬರೀ ಫ್ರೇಮಾಗಿಯೇ ಮಾರುತ್ತಿದ್ದರು. ಸವಾರನ ಜೇಬು ನೋಡಿ ಅಂಗಡಿಯಲ್ಲಿ ಸಾಮಾನು ಕೂಡುತ್ತಿತ್ತು. ಕಂಪಾನ್ಯೋಲೊ ಫ್ರೀವೀಲ್, ಚೈನ್, ರಿಮ್, ಹ್ಯಾಂಡಲ್, ಸೀಟು ಮಾಡದಿದ್ದ ವರ್ಷಗಳೇ ಹೆಚ್ಚು. ಆದ್ದರಿಂದ 70ರ ದಶಕದ 'ಪೂರ್ತಿ ಕಂಪಾನ್ಯೋಲೊ' ಸೈಕಲ್ಲಿನಲ್ಲೂ ಫ್ರೀವೀಲ್ ಮತ್ತು ಚೈನ್ ರೆಜಿನಾ, ಸ್ಟೆಮ್ ಮತ್ತು ಹ್ಯಾಂಡಲ್ ಚಿನೆಲ್ಲಿ ಅಥವಾ 3ಟಿಟಿಟಿ, ರಿಮ್ ಫಿಯಾಮ್ಮೆ, ನೀಸಿ ಅಥವಾ ಅಂಬ್ರೋಸಿಯೊ, ಪಂಪು ಸಿಲ್ಕಾ, ಪೆಡಲ್ ಪಟ್ಟಿ ಬಿಂದಾ ಇರುತ್ತಿದ್ದವು. ಫ್ರಾನ್ಸಿನ ಸಿಂಪ್ಲೆಕ್ಸ್ ಗೇರ್ ಲಿವರುಗಳನ್ನು ಇಟಲಿಯ ರೇಸ್‌ಗಾರರೂ ಇಷ್ಟಪಟ್ಟು ಹಾಕಿಸಿಕೊಳ್ಳುತ್ತಿದ್ದರು, ಏಕೆಂದರೆ ಅವು ಕೈಗೆ ಹಗುರ. ಕ್ರಿಸ್ಟೋಫ್ ಟೋ ಕ್ಲಿಪ್ಪು (ಪೆಡಲ್ಲಿನ ಮೇಲೆ ಪಾದದ ತುದಿ ಹಿಡಿಯುವ ಕೊಂಡಿ), ಮಾವಿಕ್ ರಿಮ್ಮು ಕೂಡ ಫ್ರೆಂಚೇ.

ಮಧ್ಯಮ ದರ್ಜೆಯ ಫ್ರೇಮಿಗೆ ಸೂಪರ್ ರೆಕಾರ್ಡ್ ಹೊರಿಸುವುದು ಇಸವಿ ಸರಿಯಿದ್ದರೂ ಅಸಹಜವೇ. ಬಿಯಾಂಕಿ, ಲೆನ್ಯಾನೊಗಳ ಕೆಳಗಿನ ಮಾದರಿಗಳಿಗೆ ಕಂಪಾನ್ಯೋಲೊದ ಗ್ರಾನ್ ಸ್ಪೋರ್ಟ್ (50ರ ದಶಕದ್ದಲ್ಲ, ಅದೇ ಹೆಸರಿನ ಆಮೇಲಿನ ದರ್ಜೆ), ಯುನಿವರ್ಸಲ್ ಬ್ರೇಕ್, ಓಫ್ಮೆಗಾ ಕ್ರ್ಯಾಂಕ್ ಇಂಥವು ಸರಿಹೋಗುತ್ತವೆ. ಬೆಲೆಯೂ ಕಡಿಮೆ, ಸವೆಯದೆ ಉಳಿದವು ಸಿಗುವ ಸಂಭವವೂ ಹೆಚ್ಚು. ಇನ್ನು ಬಿಲ್ಡರ್ ಹೆಸರು ಕೊರೆದು ಬಣ್ಣ ತುಂಬಿದ ಕ್ರ್ಯಾಂಕ್, ಚೈನ್‌ರಿಂಗ್, ಸ್ಟೆಮ್‌ಗಳ ಬಗ್ಗೆ ಎಚ್ಚರ. ಈಗ ಯಾರು ಬೇಕಾದರೂ ಹಳೆಯ ತುಂಡಿನ ಮೇಲೆ ಹೊಸದಾಗಿ ಕೊರೆದು ಮಾರುತ್ತಾರೆ. ಸುತ್ತಲಿನ ಮೈ ಸವೆದು ಗೀರು ಬಿದ್ದಿದ್ದರೂ ಕೊರೆದ ಅಂಚು ಮಾತ್ರ ಚೂಪಾಗಿ, ಗೀರುಗಳನ್ನು ಕತ್ತರಿಸಿಕೊಂಡು ಹೋಗಿದ್ದರೆ ಅದು ಹೊಸ ಕೆಲಸ.

ಸ್ಟೆಮ್ ಮತ್ತು ಹ್ಯಾಂಡಲ್

ಸ್ಟೀರರಿಗಿಳಿಯುವ ಕಾಂಡ 22.2 ಮಿ.ಮೀ., ಇದರಲ್ಲಿ ತಕರಾರಿಲ್ಲ. ಹ್ಯಾಂಡಲ್ ಹಿಡಿಯುವ ಕಡೆಯೇ ಅಪಾಯ. ಆ ಕಾಲದ ಚಿನೆಲ್ಲಿ 26.4, 3ಟಿಟಿಟಿ 25.8 ಅಥವಾ 26.0. ಚಿನೆಲ್ಲಿ ಸ್ಟೆಮ್ಮಿಗೆ 25.8ರ ಹ್ಯಾಂಡಲ್ ಹಾಕಿದರೆ ಎಷ್ಟು ಬಿಗಿದರೂ ಗುಂಡಿಗೆ ಇಳಿದಾಗ ತಿರುಗುತ್ತದೆ. 26.0 ಸ್ಟೆಮ್ಮಿಗೆ 26.4 ತುರುಕಿದರೆ ಕ್ಲ್ಯಾಂಪಿನ ಸೀಳಿನ ಎದುರು ಬದಿಯಲ್ಲಿ ಕೂದಲಿನಂಥ ಬಿರುಕು ಬರುತ್ತದೆ. ಡಬ್ಬಿ ತಗಡಿನ ಪಟ್ಟಿ ಸುತ್ತಿ ಸರಿಮಾಡುವ ಉಪಾಯ ಈ ಜಾಗದಲ್ಲಿ ಬೇಡ. ಸ್ಟೆಮ್, ಹ್ಯಾಂಡಲ್ ಎರಡನ್ನೂ ಒಂದೇ ಕಂಪನಿಯದ್ದು, ಜೋಡಿಯಾಗಿಯೇ ಕೊಳ್ಳುವುದು ಉತ್ತಮ.

ಚಿನೆಲ್ಲಿ 1ಎ ಸ್ಟೆಮ್ ನಂಬಿಕಸ್ಥ. 1ಆರ್ ನೋಡಲು ಹೆಚ್ಚು ನುಣುಪು, ಬೋಲ್ಟು ಹೊರಗೆ ಕಾಣುವುದಿಲ್ಲ, ಒಳಗಿನ ಬೆಣೆ ಹ್ಯಾಂಡಲನ್ನು ಒತ್ತಿ ಹಿಡಿಯುತ್ತದೆ. ಆ ಬೆಣೆ ಸವೆದಿದ್ದರೆ ಅಥವಾ ಹ್ಯಾಂಡಲ್ ಸರಿಯಾಗಿ 26.4 ಇಲ್ಲದಿದ್ದರೆ ಜಾರುತ್ತದೆ. ಹ್ಯಾಂಡಲಿನ ಅಗಲವನ್ನು ಚಿನೆಲ್ಲಿ ಹೊರಗಿನಿಂದ ಹೊರಗೆ ಅಳೆಯುತ್ತಿತ್ತು. ಇಂದಿನ ಲೆಕ್ಕದ 40 ಬೇಕಿದ್ದರೆ ಅವರ 42 ತೆಗೆದುಕೊಳ್ಳಿ. ಆಕಾರದಲ್ಲಿ ಮಾಡೆಲ್ 64, 'ಜಿರೊ ದಿತಾಲಿಯಾ', ಎಲ್ಲರಿಗೂ ಹೊಂದುತ್ತದೆ. ಮಾಡೆಲ್ 65, 'ಕ್ರಿಟೀರಿಯಂ', ಇಳಿಭುಜದ್ದು, ಗಂಟೆಗಟ್ಟಲೆ ಕೂತು ಓಡಿಸುವವರಿಗೆ ಕಷ್ಟ. ಬಾಗಿದ, ಬಿದ್ದ ಗುರುತಿರುವ ಹಳೆಯ ಹ್ಯಾಂಡಲನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಕ್ರ್ಯಾಂಕ್, ಗೇರು

ನುವೊವೊ ರೆಕಾರ್ಡ್ ಕ್ರ್ಯಾಂಕಿನ ಚೈನ್‌ರಿಂಗ್ ಬೋಲ್ಟು ವೃತ್ತ 144 ಮಿ.ಮೀ., ಅದಕ್ಕೂ ಹಿಂದಿನದು 151. ಎರಡರ ಚೈನ್‌ರಿಂಗುಗಳು ಅದಲುಬದಲಾಗುವುದಿಲ್ಲ, 151ರವು ಸಿಗುವುದೂ ಕಷ್ಟ. 144ಕ್ಕೆ ಕೂರುವ ಅತಿ ಸಣ್ಣ ರಿಂಗು 41 ಹಲ್ಲಿನದು, ಮಾಮೂಲಿ ಜೋಡಿ 52 ಮತ್ತು 42.

ಕೊಳ್ಳುವಾಗ ಕ್ರ್ಯಾಂಕನ್ನು ಪೂರ್ತಿ ತೊಳೆಸಿ ಚಿತ್ರ ಕಳಿಸಲು ಹೇಳಿ. ಬಿರುಕು ಎಲ್ಲಿ ಬರುತ್ತದೆಂಬುದು ಗೊತ್ತೇ ಇದೆ: ಐದು ತೋಳುಗಳಲ್ಲಿ ಎರಡು ಕ್ರ್ಯಾಂಕಿನ ಬದಿಗೆ ಸೇರುವ ಕಿರಿದಾದ ಮೂಲೆಯಲ್ಲಿ. ಅಲ್ಲಿ ಅಂಚು ಚೂಪಾಗಿದೆ, ಒತ್ತಡ ಅಲ್ಲೇ ಸೇರುತ್ತದೆ. ಬಿರುಕಿಲ್ಲದ ಕ್ರ್ಯಾಂಕ್ ಸಿಕ್ಕರೆ ಆ ಮೂಲೆಯನ್ನು ಸಣ್ಣ ಉರುಟು ಅರದಿಂದ ನಯವಾಗಿ ದುಂಡಗೆ ಮಾಡಿ ಮರಳುಕಾಗದ ಹಾಕುವುದು ಹಳೆಯ ಮೆಕ್ಯಾನಿಕ್ಕುಗಳ ರೂಢಿ. ಪೆಡಲ್ ರಂಧ್ರದ ಸುತ್ತಲೂ ನೋಡಿ. ಅನುಮಾನ ಬಂದರೆ ವೆಲ್ಡಿಂಗ್ ತಪಾಸಣೆಗೆ ಬಳಸುವ ಕೆಂಪು ಡೈ ಪೆನೆಟ್ರಂಟ್ ಸ್ಪ್ರೇ ಒಂದು ಡಬ್ಬಿ ತಂದರೆ ಹತ್ತಾರು ಭಾಗ ಪರೀಕ್ಷಿಸಬಹುದು. ಬಿರುಕು ಕಂಡ ಕ್ರ್ಯಾಂಕನ್ನು ಗೋಡೆಗೆ ನೇತುಹಾಕಿ, ಓಡಿಸಬೇಡಿ. ಕ್ರ್ಯಾಂಕ್ ಬೋಲ್ಟಿಗೆ 15 ಮಿ.ಮೀ. ಸಾಕೆಟ್, ಎಳೆಯಲು 22×1 ಥ್ರೆಡ್ಡಿನ ಪುಲ್ಲರ್. ಈ ಪುಲ್ಲರ್ ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ.

ಗೇರಿನ ವಿಷಯದಲ್ಲಿ ಸ್ವಲ್ಪ ರಾಜಿ ಮಾಡಿಕೊಳ್ಳಿ. ಆ ಕಾಲದ ರೇಸ್ ಫ್ರೀವೀಲ್ 13ರಿಂದ 21 ಅಥವಾ 23. ಅದರಲ್ಲಿ 42ರ ರಿಂಗಿಟ್ಟು ನಂದಿ ಬೆಟ್ಟ ಹತ್ತಲು ಹೊರಟರೆ ಮಂಡಿಗೆ ಶಿಕ್ಷೆ. ನುವೊವೊ ರೆಕಾರ್ಡ್ ಡಿರೇಲರ್ 26 ಹಲ್ಲನ್ನು ಆರಾಮವಾಗಿ ತಡೆದುಕೊಳ್ಳುತ್ತದೆ. ಉದ್ದ ಡ್ರಾಪ್‌ಔಟಿದ್ದರೆ ಚಕ್ರವನ್ನು ಹಿಂದಕ್ಕೆ ಸರಿಸಿ 28 ಕೂಡ ದಾಟಿಸಬಹುದು, ಮೇಲಿನ ಪುಲ್ಲಿ ಹಲ್ಲಿಗೆ ಉಜ್ಜದಿದ್ದರೆ ಆಯಿತು. ಕ್ಲಿಕ್ ಇಲ್ಲದೆ ಎಲ್ಲಿ ಬೇಕಾದರೂ ನಿಲ್ಲುವ ಘರ್ಷಣೆಯ ಲಿವರಾದ್ದರಿಂದ ಫ್ರೀವೀಲ್ ಯಾವ ಕಂಪನಿಯದ್ದಾದರೂ ನಡೆಯುತ್ತದೆ.

ನಡೆಯದಿರುವುದು ಥ್ರೆಡ್ಡು. ಇಟಾಲಿಯನ್ ಹಬ್ 35 ಮಿ.ಮೀ.×24, ಇಂಗ್ಲಿಷ್ 1.37 ಇಂಚು×24, ಫ್ರೆಂಚ್ 34.7×1 ಮಿ.ಮೀ. ಇಂಗ್ಲಿಷ್ ಫ್ರೀವೀಲ್ ಇಟಾಲಿಯನ್ ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ. ಒಮ್ಮೆ ಹಾಕಿದರೆ ಆ ಹಬ್ಬಿಗೆ ಮತ್ತೆ ಇಟಾಲಿಯನ್ ಹಾಕಬೇಡಿ. ಇಟಾಲಿಯನ್ ಫ್ರೀವೀಲ್ ಇಂಗ್ಲಿಷ್ ಹಬ್ಬಿನ ಮೇಲೆ ಸಡಿಲ, ಏರಿನಲ್ಲಿ ಎದ್ದು ತುಳಿದಾಗ ಥ್ರೆಡ್ ಕಿತ್ತು ಬರುತ್ತದೆ. ಫ್ರೆಂಚಿನದನ್ನು ಯಾವುದರ ಜೊತೆಗೂ ಬೆರೆಸುವ ಹಾಗಿಲ್ಲ. ಹಳೆಯ ರೆಜಿನಾ ಬಿಚ್ಚಲು ಎರಡು ಹಲ್ಲಿನ ರಿಮೂವರ್ ಬೇಕು. ಅದನ್ನು ಆಕ್ಸಲ್ ನಟ್ಟಿನಿಂದಲೋ ಸ್ಕ್ಯೂವರ್‌ನಿಂದಲೋ ಒತ್ತಿ ಹಿಡಿದೇ ತಿರುಗಿಸಿ, ಕಾಲು ಸುತ್ತು ಬಿಟ್ಟ ಮೇಲೆ ಒತ್ತು ಸಡಿಲಿಸಿ. ಹಿಡಿಯದೆ ತಿರುಗಿಸಿದರೆ ಫ್ರೀವೀಲಿನ ಎರಡು ಕಚ್ಚುಗಳು ಮುರಿದು, ಆಮೇಲೆ ಅದನ್ನು ಒಡೆದೇ ತೆಗೆಯಬೇಕಾಗುತ್ತದೆ.

ಬ್ರೇಕು

ಕಂಪಾನ್ಯೋಲೊದ ಸೈಡ್‌ಪುಲ್ ಬ್ರೇಕ್ ಬಂದದ್ದೇ 1960ರ ದಶಕದ ಕೊನೆಗೆ. ಅದಕ್ಕೂ ಹಿಂದಿನ ಫ್ರೇಮಿಗೆ ಯುನಿವರ್ಸಲ್ ಸರಿ: ಮಾಡೆಲ್ 61 ಸೆಂಟರ್‌ಪುಲ್ (ಕೇಬಲ್ ಬದಿಯಿಂದಲ್ಲ, ನಡುವಿನಿಂದ ಎಳೆಯುವುದು). 70ರ ಕೊನೆಯ ಫ್ರೇಮಿಗೆ ಮೊಡೋಲೊ ಒಳ್ಳೆಯ ಆಯ್ಕೆ. ಸೇತುವೆಯ ಬೋಲ್ಟಿನಿಂದ ರಿಮ್ಮಿನ ನಡುವಿನವರೆಗೆ ಅಳೆದು ಬ್ರೇಕಿನ ರೀಚ್ ಆರಿಸಿ. ಕಂಪಾನ್ಯೋಲೊ 52 ಮತ್ತು 47 ಮಿ.ಮೀ. ಎರಡನ್ನೂ ಮಾಡುತ್ತಿತ್ತು, ನೋಡಲು ಒಂದೇ ತರಹ.

ಹಳೆಯ ಪ್ಯಾಡುಗಳನ್ನು ಮಾತ್ರ ಕಾಲನಿಷ್ಠೆಯ ಹೆಸರಲ್ಲಿ ಉಳಿಸಿಕೊಳ್ಳಬೇಡಿ. ನಲವತ್ತು ವರ್ಷದ ರಬ್ಬರು ಕಲ್ಲಾಗಿರುತ್ತದೆ, ಮಳೆಯಲ್ಲಿ ನಿಲ್ಲುವುದೇ ಇಲ್ಲ. ಹಳೆಯ ಹೋಲ್ಡರಿಗೆ ಕೂರುವ ಹೊಸ ಪ್ಯಾಡನ್ನು ಕೂಲ್ ಸ್ಟಾಪ್ ಮಾಡುತ್ತದೆ. ಹೋಲ್ಡರಿನ ಮುಚ್ಚಿದ ತುದಿ ಸೈಕಲ್ ಹೋಗುವ ದಿಕ್ಕಿಗಿರಬೇಕು. ತಿರುಗಮುರುಗ ಹಾಕಿದರೆ ಜೋರಾಗಿ ಹಿಡಿದಾಗ ಪ್ಯಾಡ್ ಜಾರಿ ಹೊರಗೆ ಬರುತ್ತದೆ, ಆಮೇಲೆ ಬ್ರೇಕೇ ಇಲ್ಲ. ಕೇಬಲ್ಲುಗಳೂ ಹೊಸದಿರಲಿ. ಲಿವರಿನ ಮೇಲಿಂದ ಬಿಲ್ಲಿನಂತೆ ಹೊರಗೆ ಹಾಯುವ ಕೇಬಲ್ಲೇ ಆ ಕಾಲದ ಚಹರೆ. ಹ್ಯಾಂಡಲ್ ಟೇಪಿನೊಳಗೆ ಅಡಗಿಸುವುದು 80ರ ದಶಕದ ನಡುವಿನದು.

ಗಾಲಿಗಳು, ಮತ್ತು ಉಳಿದ ಸಣ್ಣಪುಟ್ಟವು

ಆ ಕಾಲದ ರೇಸ್ ಗಾಲಿಯೆಂದರೆ ಕಂಪಾನ್ಯೋಲೊ ರೆಕಾರ್ಡ್ ಹಬ್, 36 ಕಡ್ಡಿ, ಅಂಟಿಸುವ ಟ್ಯೂಬುಲರ್ ಟೈರು. ಟ್ಯೂಬುಲರ್ ಪಂಕ್ಚರನ್ನು ನಮ್ಮೂರ ರಸ್ತೆಬದಿಯಲ್ಲಿ ಹೊಲಿದುಕೊಡುವವರಿಲ್ಲ. ದಿನಾ ಓಡಿಸಬೇಕಿದ್ದರೆ ಅದೇ ಹಬ್ಬುಗಳಿಗೆ 622 ಮಿ.ಮೀ. ವ್ಯಾಸದ (ಟೈರು ಕೂರುವ ಕಡೆ), ಬೆಳ್ಳಿ ಬಣ್ಣದ, ತಗ್ಗು ಎತ್ತರದ ಮಾಮೂಲಿ ರಿಮ್ ಕಟ್ಟಿಸಿ. ಮಾವಿಕ್ ಎಂಎ2 ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಎಚ್ ಪ್ಲಸ್ ಸನ್ ಟಿಬಿ14ರಂಥ ಪಾಲಿಶ್ ಮಾಡಿದ ಹೊಸದು. ಬ್ರೇಕ್ ತಾಗುವ ಜಾಗ ಟ್ಯೂಬುಲರ್ ರಿಮ್ಮಿಗೂ ಇದಕ್ಕೂ ಹೆಚ್ಚುಕಡಿಮೆ ಒಂದೇ, ಬ್ರೇಕ್ ಬದಲಿಸಬೇಕಿಲ್ಲ. ಟೈರು ಕೊಳ್ಳುವ ಮುಂಚೆ ಬ್ರೇಕಿನಡಿಯ ಜಾಗ ಅಳೆಯಿರಿ. 70ರ ಆರಂಭದ ಫ್ರೇಮಿನಲ್ಲಿ 28 ಮಿ.ಮೀ. ಹಿಡಿಸಬಹುದು, 80ರ ಬಿಗಿ ಫ್ರೇಮಿನಲ್ಲಿ 25ಕ್ಕೇ ಮುಗಿಯುತ್ತದೆ.

ಹಬ್ ಬಿಚ್ಚಿದಾಗ ಗುಂಡುಗಳನ್ನು ಹೊಸದಾಗಿ ಹಾಕಿ: ಮುಂದೆ ಬದಿಗೆ 9, ಗಾತ್ರ 7/32 ಇಂಚು, ಹಿಂದೆ ಬದಿಗೆ 9, ಕಾಲಿಂಚು, ಬಿ.ಬಿ.ಯಲ್ಲಿ ಬದಿಗೆ 11, ಕಾಲಿಂಚು. ಕಾಲಿಂಚಿನ ಗುಂಡು ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಬೇರಿಂಗ್ ಅಂಗಡಿಯಿಂದ ಗ್ರೇಡ್ 25ರದ್ದು ತನ್ನಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಕಂಪಾನ್ಯೋಲೊ ಆಕ್ಸಲ್ ಥ್ರೆಡ್ಡು ಮುಂದೆ 9 ಮಿ.ಮೀ.×26, ಹಿಂದೆ 10×26. ಇವಕ್ಕೆ 10×1ರ ಜಪಾನಿ ಕೋನು (ಗುಂಡುಗಳನ್ನು ಒತ್ತಿ ಹಿಡಿಯುವ ನಟ್) ಹಾಕಲು ಹೋದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಸೀಟಿನಲ್ಲಿ ಅಭಿರುಚಿಗೆ ಜಾಗವಿದೆ. 70ರ ದಶಕಕ್ಕೆ ಚಿನೆಲ್ಲಿ ಯುನಿಕಾನಿಟೋರ್ ಅಥವಾ ಬ್ರೂಕ್ಸ್ ಪ್ರೊಫೆಷನಲ್, ಕೊನೆಯ ವರ್ಷಗಳಿಗೆ ಸಾನ್ ಮಾರ್ಕೊ ಕಾಂಕೋರ್, 80ಕ್ಕೆ ಸೆಲ್ಲೆ ಇಟಾಲಿಯಾ ಟರ್ಬೊ. ಪೆಡಲ್ಲಿಗೆ ಟೋ ಕ್ಲಿಪ್, ತೊಗಲಿನ ಪಟ್ಟಿ. ಟೇಪು ಬಟ್ಟೆಯದು.

ಸೈಕಲ್ಲನ್ನು ಟಸ್ಕನಿಯ ಗಾಯೊಲೆ ಇನ್ ಕಿಯಾಂತಿಯಲ್ಲಿ 1997ರಿಂದ ನಡೆಯುತ್ತಿರುವ, ಹಳೆಯ ಸೈಕಲ್ಲುಗಳ ಸವಾರಿಯಾದ ಲೆರೋಯಿಕಾಗೆ ಒಯ್ಯುವ ಯೋಚನೆಯಿದ್ದರೆ, ಅಲ್ಲಿ ಲೆಕ್ಕಕ್ಕೆ ಬರುವುದು ಕೆಲವೇ ಸಂಗತಿ: 1987ಕ್ಕಿಂತ ಹಿಂದಿನ ಸ್ಟೀಲ್ ರೇಸ್ ಸೈಕಲ್, ಡೌನ್ ಟ್ಯೂಬಿನ ಮೇಲೆ ಗೇರ್ ಲಿವರ್, ಟೇಪಿನ ಹೊರಗೆ ಹಾಯುವ ಬ್ರೇಕ್ ಕೇಬಲ್, ಟೋ ಕ್ಲಿಪ್ ಪೆಡಲ್, ತಗ್ಗು ರಿಮ್. ವಿನಾಯಿತಿಗಳೂ ಇವೆ, ಆ ವರ್ಷದ ನಿಯಮಾವಳಿ ಓದಿಕೊಳ್ಳಿ. ಅಲ್ಲಿನ ಬಿಳಿ ಮಣ್ಣುರಸ್ತೆಯ ಏರಿಗೆ 26 ಹಲ್ಲಿನ ಫ್ರೀವೀಲೂ ಸಾಲದೆನಿಸಬಹುದು.

ಒಂದು ಕಣ್ಣಳತೆಯ ಮಾತು. ಬಣ್ಣ ಮಾಸಿ, ಲಗ್ಗಿನ ಅಂಚಿನಲ್ಲಿ ಕ್ರೋಮ್ ತೆಳುವಾದ ಫ್ರೇಮಿಗೆ ಡಬ್ಬಿಯಿಂದ ಆಗಷ್ಟೇ ತೆಗೆದ ಹೊಳೆಯುವ ಸಾಮಾನು ಹಾಕಿದರೆ ಎರಡೂ ಕೆಟ್ಟದಾಗಿ ಕಾಣುತ್ತವೆ. ಸವೆತ ಸವೆತಕ್ಕೆ ಹೊಂದಲಿ. ಹಬ್, ಬಿ.ಬಿ., ಹೆಡ್‌ಸೆಟ್ಟಿನ ಗುಂಡು ಓಡುವ ದಾರಿ ಮಾತ್ರ ಹೊಸದರಂತೆ ನುಣುಪಿರಬೇಕು. ಹೊರಮೈ ಗೀರಿದ್ದರೆ ಬೆಲೆ ಕಡಿಮೆ ಮಾಡಿಸಿ, ಒಳದಾರಿಯಲ್ಲಿ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ.

ಎಲ್ಲ ಕೂಡಿಸಿದ ಮೇಲೆ ಮೊದಲ ಐವತ್ತು ಕಿಲೋಮೀಟರನ್ನು ಮನೆಯ ಹತ್ತಿರದಲ್ಲೇ ಓಡಿಸಿ. ವಾಪಸು ಬಂದು ಕ್ರ್ಯಾಂಕ್ ಬೋಲ್ಟು ಮತ್ತೆ ಬಿಗಿಯಿರಿ. ಹ್ಯಾಂಡಲ್ ತಿರುಗಿದೆಯೇ ಎಂದು ಲಿವರುಗಳ ಮಟ್ಟ ನೋಡಿ. ಹೊರಡುವ ಮುಂಚೆಯೇ ಚೈನ್ ಬದಿಯ ಬಿ.ಬಿ. ಕಪ್ಪು ಮತ್ತು ಶೆಲ್ ಎರಡಕ್ಕೂ ಸೇರುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಗೆರೆ ಮುರಿದು ಅರ್ಧ ಮಿ.ಮೀ. ಸರಿದಿದ್ದರೂ ಕಪ್ಪು ತೆವಳುತ್ತಿದೆ ಎಂದರ್ಥ. ಕ್ರ್ಯಾಂಕ್ ತೆಗೆದು, ಥ್ರೆಡ್ ಒರೆಸಿ, ಲಾಕರ್ ಹಚ್ಚಿ ಮತ್ತೊಮ್ಮೆ ಬಿಗಿಯಿರಿ.